ಕೊನೆಯ ವ್ಯಾನಿನ ಹಿಂದೆ

ಕಳೆದ ವಾರ ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಎದುರು ಸೀಟಿನಲ್ಲಿ ಹಿರಿಯರೊಬ್ಬರು ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಮೀನಖಂಡ ಒತ್ತಿಕೊಳ್ಳುತ್ತಿದ್ದರು. ಕರ್ಪೂರ ಕಲೆಸಿದ ನೀಲಗಿರಿ ಎಣ್ಣೆಯ ವಾಸನೆ ನನ್ನವರೆಗೂ ಬಂತು. ಯಶವಂತಪುರದಲ್ಲಿ ಇಳಿಯಬೇಕಾಗಿತ್ತು, ಇಳಿಯಲಿಲ್ಲ. ಅಪ್ಪ ವರ್ಷಗಟ್ಟಲೆ ಕಾಲಿಗೆ ಹಚ್ಚಿಕೊಂಡದ್ದು ಅದೇ ಎಣ್ಣೆ. ಅವರು ಹೋಗಿ ಈಗ ಎರಡು ವರ್ಷ. ಆದರೆ ಆ ವಾಸನೆಗೆ ನೆನಪಾದದ್ದು ಅವರ ಕೊನೆಯ ದಿನಗಳಲ್ಲ. ಅದಕ್ಕೂ ಹಿಂದೆ, ಜನವರಿಯಿಂದ ಮಾರ್ಚ್‌ವರೆಗೆ ನಾವಿಬ್ಬರೂ ಟೀವಿಯ ಮುಂದೆ ಕೂತು ಸೈಕಲ್ ರೇಸು ನೋಡಿದ ಒಂದು ಕಾಲ. ಅದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ.

ಆಗ ನಾವು ಅಬ್ಬಿಗೆರೆಯಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗೇ ಇದ್ದರು. ಅವರು ವಿಜಯಪುರದ ಕಡೆಯವರು. ಸೈಕಲ್ ಚೆನ್ನಾಗಿ ಹೊಡೆಯುತ್ತಾರೆ ಎಂಬ ಒಂದೇ ಕಾರಣಕ್ಕೆ ಜಾಲಹಳ್ಳಿಯ ಕಾರ್ಖಾನೆಯೊಂದು ಅವರನ್ನು ಕರೆದು ಫಿಟ್ಟರ್ ಕೆಲಸ ಕೊಟ್ಟಿತ್ತು. ಆ ಕಾಲದಲ್ಲಿ ಕಾರ್ಖಾನೆಗಳು ಸೈಕಲ್ ತಂಡ ಕಟ್ಟುತ್ತಿದ್ದವು. ನಾನು ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ರೇಸು ಬಿಟ್ಟ ಮೇಲೂ ಪ್ರತಿ ಭಾನುವಾರ ನಸುಕಿನಲ್ಲಿ ಯಲಹಂಕದ ಮೇಲೆ ಬಾಗಲೂರಿನವರೆಗೆ ಹೋಗಿ ಬರುತ್ತಿದ್ದದ್ದು ನೆನಪಿದೆ. ನಿವೃತ್ತಿಯ ನಂತರ ಆ ಸೈಕಲ್ಲು ಮೆಟ್ಟಿಲ ಕೆಳಗಿನ ಸಂದಿ ಸೇರಿತ್ತು.

ಆ ವರ್ಷ ಅಪ್ಪನ ಮರೆವು ಶುರುವಾಗಿತ್ತು. ಕುದಿಯಲಿಟ್ಟ ಹಾಲು ಮರೆಯುವುದು, ನನ್ನನ್ನು ಅಮ್ಮನ ಹೆಸರಿಂದ ಕರೆಯುವುದು. ಸಂಜೆಯಾದರೆ ಏನೋ ತಳಮಳ, ಬಾಗಿಲಿಗೂ ಬಾಲ್ಕನಿಗೂ ಓಡಾಟ. ಡಾಕ್ಟರು, "ಮನಸ್ಸಿಗೆ ಹಿಡಿಸೋ ಅಂಥದ್ದೇನಾದ್ರೂ ಕೈಗೆ ಕೊಡಿ, ಹಳೇದೇ ಆದ್ರೂ ಪರವಾಗಿಲ್ಲ" ಎಂದರು. ನಾನು ಹುಡುಕಿ ಹುಡುಕಿ ಟೀವಿಯಲ್ಲಿ ಸೈಕಲ್ ರೇಸು ಬರುವ ಹಾಗೆ ಮಾಡಿದೆ.

ಜುಲೈ ತಿಂಗಳ ಫ್ರಾನ್ಸಿನ ದೊಡ್ಡ ರೇಸು ಎಲ್ಲರಿಗೂ ಗೊತ್ತು. ಆದರೆ ಆ ಲೋಕದ ವರ್ಷ ಶುರುವಾಗುವುದು ಜನವರಿಯಲ್ಲಿ, ಆಸ್ಟ್ರೇಲಿಯಾದ ಸುಡುಬಿಸಿಲಿನಲ್ಲಿ. ಫೆಬ್ರವರಿಯಲ್ಲಿ ಎಲ್ಲರೂ ಕೊಲ್ಲಿ ದೇಶಗಳ ಮರಳಿಗೆ ಹೋಗುತ್ತಾರೆ. ತಿಂಗಳ ಕೊನೆಗೆ ಬೆಲ್ಜಿಯಂನ ಕಲ್ಲುಹಾಸಿನ ರಸ್ತೆ, ಮಾರ್ಚ್‌ನಲ್ಲಿ ಇಟಲಿಯ ಬಿಳಿಮಣ್ಣಿನ ದಾರಿ. "ಜುಲೈದಾಗ ಊರ ಮಂದಿ ನೋಡ್ತಾರ. ಈಗ ನೋಡವ್ರು ನಮ್ಮಂಥವ್ರು ಅಷ್ಟ" ಎನ್ನುತ್ತಿದ್ದರು ಅಪ್ಪ. ಹೊಸ ವರ್ಷ, ಹೊಸ ಅಂಗಿ. ಯಾರ ಕಾಲಲ್ಲಿ ಎಷ್ಟು ಕಸುವಿದೆ ಎಂದು ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಸೋಲುವವನ ಮುಖದಲ್ಲೂ ಆಸೆ ಇರುತ್ತದೆ. ನಾನೂ ಮೆಲ್ಲಗೆ ಆ ಹುಚ್ಚಿಗೆ ಬಿದ್ದೆ. ಉತ್ತರಪತ್ರಿಕೆಗಳನ್ನು ಪಕ್ಕಕ್ಕಿಟ್ಟು, ಅವಲಕ್ಕಿ ಒಗ್ಗರಣೆ ಮಾಡಿಕೊಂಡು ಅಪ್ಪನ ಪಕ್ಕ ಕೂರುತ್ತಿದ್ದೆ.

ಒಂದು ಮಾತ್ರ ವಿಚಿತ್ರವಿತ್ತು. ಗೆದ್ದವನು ಯಾರೆಂದು ಅಪ್ಪ ಕೇಳುತ್ತಲೇ ಇರಲಿಲ್ಲ. ಗೆದ್ದವನು ಕೈಯೆತ್ತಿ ಗೆರೆ ದಾಟುವಾಗಲೂ ಅವರ ಕಣ್ಣು ಹಿಂದಿನ ರಸ್ತೆಯ ಮೇಲೆ. "ಎಲ್ಲಾರೂ ಬಂದ್ರೇನು? ಕಡೀಕ ಬಂದಾವ ಯಾರು ನೋಡವಾ" ಎಂದು ನನ್ನ ಫೋನು ತೋರಿಸುವರು. ನಾನು ಫಲಿತಾಂಶದ ತಳದಿಂದ ಹೆಸರು ಓದಿ ಹೇಳಿದ ಮೇಲೆಯೇ ಊಟಕ್ಕೆ ಏಳುತ್ತಿದ್ದದ್ದು. ಮುದುಕರ ಚಾಳಿ ಎಂದುಕೊಂಡಿದ್ದೆ.

ಮರಳುಗಾಡಿನ ರೇಸು ಬಂದಾಗ ನಮಗೆ ಸಿಕ್ಕಿದ್ದು ವಿವರಣೆಯ ದನಿ ಇಲ್ಲದ ಪ್ರಸಾರ. ಬರೀ ಗಾಳಿಯ ಸದ್ದು, ಚೈನಿನ ಸದ್ದು. ಅಗಲವಾದ ಹೊಸ ರಸ್ತೆ, ಉದ್ದಕ್ಕೂ ದೀಪದ ಕಂಬ, ರಸ್ತೆ ಬದಿಗೆ ಒಬ್ಬ ಮನುಷ್ಯನೂ ಇಲ್ಲ. ಗಾಳಿ ಅಡ್ಡ ಬೀಸಿ ಗುಂಪು ಓರೆಯಾಗಿ ಹರಿದುಹೋಗಿತ್ತು. ಅಪ್ಪ ಟೀಪಾಯಿಯ ಮೇಲೆ ಎರಡು ಲೋಟ ಇಟ್ಟು ತೋರಿಸಿದರು. "ಗಾಳಿ ಬಲಕಿಂದ ಬಂದ್ರ ಹಿಂದಿನಾವ ಎಡಕ್ಕ ಸರೀಬೇಕು. ಎಡಕಿಂದ ಬಂದ್ರ ಬಲಕ್ಕ. ಮುಂದಿನಾವ ಗಾಳಿ ತಿಂತಾನ, ಹಿಂದಿನಾವ ಉಳಕೋತಾನ."

ಅಷ್ಟರಲ್ಲಿ ಹೆಲಿಕಾಪ್ಟರಿನ ಕ್ಯಾಮೆರಾ ಹಿಂದಕ್ಕೆ ತಿರುಗಿತು. ಗುಂಪುಗಳು, ಕಾರುಗಳು, ಎಲ್ಲಕ್ಕೂ ಹಿಂದೆ ಒಂದು ವ್ಯಾನು. ಕೈಲಾಗದೆ ಸೈಕಲ್ ಬಿಟ್ಟವರನ್ನು ಹತ್ತಿಸಿಕೊಂಡು ಬರುವ ವ್ಯಾನು ಅದು. ಅದರ ಹಿಂದೆ ರೇಸು ಇರುವುದಿಲ್ಲ, ರಸ್ತೆ ತೆರೆದುಬಿಡುತ್ತಾರೆ. ಆದರೆ ಆ ವ್ಯಾನಿನ ಹಿಂದೆ, ಬಹಳ ದೂರದಲ್ಲಿ, ಮರಳು ಹಾರುವ ಜಾಗದಲ್ಲಿ ಒಂದು ಚುಕ್ಕೆ ಚಲಿಸುತ್ತಿತ್ತು.

"ಬಸು" ಎಂದರು ಅಪ್ಪ.

"ಯಾರಪ್ಪಾ?"

"ಬಸು. ಅಲ್ಲೇ ಬರಾಕತ್ತಾನ ನೋಡು."

ಯಾವುದೋ ಬೈಕಿರಬೇಕು ಎಂದುಕೊಂಡೆ. ಕ್ಯಾಮೆರಾ ಮುಂದೆ ತಿರುಗಿತು. ಅಪ್ಪ ಬಾತ್‌ರೂಮಿಗೆ ಹೋದಾಗ ಹಿಂದಕ್ಕೆ ಓಡಿಸಿ ಅದೇ ದೃಶ್ಯ ಮತ್ತೆ ಹಾಕಿದೆ. ವ್ಯಾನಿತ್ತು, ಮರಳಿತ್ತು. ರಸ್ತೆ ಖಾಲಿ.

ಮರುದಿನ ಬೆಳಿಗ್ಗೆ ಅಪ್ಪನ ತಲೆ ತಿಳಿಯಾಗಿತ್ತು. ಕಾಫಿ ಕುಡಿಯುತ್ತಾ ಅವರಾಗಿಯೇ ಹೇಳಿದರು. ನಾನು ಹುಟ್ಟುವ ಮುಂಚಿನ ಮಾತು. ಬಸು ಅವರದೇ ತಂಡದವರು, ಅವರದೇ ಸೀಮೆಯವರು. ರೇಸಿನಲ್ಲಿ ಅಪ್ಪನ ಮುಂದೆ ಹೋಗಿ ಗಾಳಿ ತಡೆಯುವುದು ಅವರ ಕೆಲಸ. ವಿಜಯಪುರದ ಹೊರಗಿನ ಒಂದು ರೇಸಿನಲ್ಲಿ ಬಹಳ ದೂರ ಗಾಳಿ ತಿಂದು, ಇನ್ನಾಗದು ಎಂದಾಗ ಪಕ್ಕಕ್ಕೆ ಸರಿದರು. ಅಪ್ಪ ಗೆದ್ದರು, ಹಾರ ಹಾಕಿಸಿಕೊಂಡರು. ಸಂಜೆ ನೋಡಿದರೆ ಬಸು ಬಂದಿಲ್ಲ.

"ಕಡೀ ಗಾಡಿಯಾವ ಅವನ್ನ ನೋಡ್ಯಾನ. ಹತ್ತೋ ಅಂದ್ರ, ನೀವು ನಡೀರಿ, ನಾ ಬರ್ತೀನಿ ಅಂದನಂತ. ನೆಟ್ಟನ ರಸ್ತಾ ಅದು. ಜ್ವಾಳ ಕಟಾವಾಗಿ ಬಟಾಬಯಲು. ಒಂದು ಗಿಡಾ ಇಲ್ಲ, ಹಳ್ಳಾ ಇಲ್ಲ. ವಾರಗಟ್ಟಲೆ ಹುಡುಕಿದ್ವಿ. ಅಂವಾನೂ ಸಿಗಲಿಲ್ಲ, ಸೈಕಲ್ಲೂ ಸಿಗಲಿಲ್ಲ."

"ಎಲ್ಲಾದರೂ ಬಿಟ್ಟು ಹೋಗಿರಬಹುದಲ್ಲಪ್ಪಾ, ಊರು ಬಿಟ್ಟು?"

"ನಾ ಬರ್ತೀನಿ ಅಂದಾನ" ಎಂದು ಅಪ್ಪ ಲೋಟ ಕೆಳಗಿಟ್ಟರು.

ಮುಂದಿನ ವಾರಗಳಲ್ಲಿ ಹೊರಗಡೆ ನಿಜವಾಗಿಯೂ ಗಾಳಿ ಎದ್ದಿತ್ತು. ಬೆಂಗಳೂರಿನ ಫೆಬ್ರವರಿಯ ಮೂಡಣ ಗಾಳಿ. ಅಬ್ಬಿಗೆರೆಯ ಖಾಲಿ ಸೈಟುಗಳಿಂದ ಕೆಮ್ಮಣ್ಣು ಎದ್ದು ಕಿಟಕಿಯ ಅಂಚಿನಲ್ಲಿ ಕೂರುತ್ತಿತ್ತು. ಅಪ್ಪ ಮೆಟ್ಟಿಲ ಕೆಳಗಿನಿಂದ ಸೈಕಲ್ ಹೊರಗೆಳೆದು ಒರೆಸಲು ಶುರುಮಾಡಿದರು. ಚೈನಿಗೆ ಎಣ್ಣೆ ಬಿಟ್ಟರು, ಟೈರು ಬದಲಿಸಿದರು. ಮರೆವಿನ ಮನುಷ್ಯನ ಕೈ ಒಂದು ನಟ್ಟನ್ನೂ ಮರೆತಿರಲಿಲ್ಲ. ನನಗೆ ಖುಷಿಯೇ ಆಗಿತ್ತು, ಸಂಜೆಯ ತಳಮಳ ಕಡಿಮೆಯಾಗಿತ್ತಲ್ಲ.

ಬೆಲ್ಜಿಯಂನ ರೇಸಿನ ದಿನ ಅಲ್ಲಿ ಮಳೆ. ಕಲ್ಲುಹಾಸಿನ ರಸ್ತೆಯ ಎರಡೂ ಬದಿಗೆ ಕೊಡೆ ಹಿಡಿದ ಜನ. ಗುಂಪು ಹೋಯಿತು, ಕಾರು ಹೋದವು, ವ್ಯಾನು ಹೋಯಿತು. ಜನ ಮಡಚುವ ಕುರ್ಚಿಗಳನ್ನು ಮಡಚತೊಡಗಿದರು. ಒಬ್ಬಾತ ಕಟ್ಟಿದ್ದ ಬಟ್ಟೆಯ ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದ. ಅವರ ನಡುವೆ ಒಬ್ಬ ಸವಾರ ಬಂದ. ತಲೆಗೆ ಹೆಲ್ಮೆಟ್ ಇಲ್ಲ. ಮಾಸಿದ ಹಳದಿ ಅಂಗಿ, ಎದೆಗೆ ಅಡ್ಡ ಕಪ್ಪು ಪಟ್ಟಿ. ಅಂಥದೇ ಅಂಗಿಯೊಂದು ಅಪ್ಪನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇದೆ. ಬ್ಯಾನರ್ ಸುತ್ತುವವನ ಪಕ್ಕದಲ್ಲೇ ಹಾದುಹೋದ, ಅವನು ತಲೆಯೆತ್ತಲಿಲ್ಲ. ಯಾರೂ ನೋಡಲಿಲ್ಲ. ಅಷ್ಟು ಮಳೆಯಲ್ಲಿ ಆ ಅಂಗಿ ಒದ್ದೆಯಾಗಿರಲಿಲ್ಲ.

ನಾನು ಅಪ್ಪನ ತೋಳು ಹಿಡಿದೆ. ಅವರು ನನ್ನತ್ತ ತಿರುಗದೆ, "ಸನೇಕ ಬಂದಾನ, ಇನ್ನ ದೂರಿಲ್ಲ" ಎಂದರು.

ಆ ಸಲವೂ ಹಿಂದಕ್ಕೆ ಓಡಿಸಿ ನೋಡಿದೆ. ಕುರ್ಚಿ, ಕೊಡೆ, ಬ್ಯಾನರ್ ಎಲ್ಲ ಇದ್ದವು. ಅವನಿರಲಿಲ್ಲ. ಅಪ್ಪನ ಕಾಯಿಲೆ ನನಗೂ ಅಂಟಿತೇ ಎಂದು ನಿಜವಾಗಿ ಹೆದರಿದೆ. ಕೆಳಗಿನ ಮನೆಯಲ್ಲಿ ಇದ್ದವರು ಮನೆಯ ಒಡತಿ ಗೌರಮ್ಮ. ಆ ಊರಿನ ಮೂಲದವರು. ಈಗ ಕಟ್ಟಡಗಳಿರುವ ಕಡೆ ಅವರ ರಾಗಿಹೊಲ ಇತ್ತಂತೆ. ಮರುದಿನ ಅವರ ಹತ್ತಿರ ಅರ್ಧ ನಗುತ್ತಾ ಈ ವಿಷಯ ಎತ್ತಿದೆ. ಅವರು ನಗಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದರು.

"ಇಂಗೆ ಆಗೋದುಂಟು ಕಣಮ್ಮ. ದಾರಿ ತಪ್ಪಿದೋರು ಉಡುಕ್ಕಂಡ್ ಬರ್ತಾರೆ. ಅವ್ರು ಕೆಟ್ಟೋರಲ್ಲ. ಯಾರಾನಾ ಬಾಗ್ಲು ತಗೀಬೇಕು, ಅಷ್ಟೇಯ."

"ತೆಗೆದ್ರೆ ಏನಾಗುತ್ತೆ ಗೌರಮ್ಮಾ?"

"ಒಳೀಕ್ ಬಂದೋರು ಕೆಲವ್ರು ಕುಂತ್ಕಂತಾರೆ, ಕೆಲವ್ರು ಕರ್ಕಂಡ್ ಓಯ್ತಾರೆ. ಅದ್ ನಂಗೊತ್ತಿಲ್ಲ."

ಆ ಮಾತು ಕೇಳಿದ ಮೇಲೆ ನಾನು ಸೈಕಲ್ಲನ್ನು ಮೆಟ್ಟಿಲ ಕಂಬಿಗೆ ಸೇರಿಸಿ ಬೀಗ ಹಾಕಿ ಕೀಲಿಯನ್ನು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ. ಟೀವಿ ನಿಲ್ಲಿಸಬೇಕೆಂದೂ ಅನ್ನಿಸಿತು. ನಿಲ್ಲಿಸಲು ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನೋಡಬೇಕಿತ್ತು.

ಮಾರ್ಚ್‌ನ ಒಂದು ಶನಿವಾರ ಇಟಲಿಯ ಬಿಳಿಮಣ್ಣಿನ ರೇಸು. ಸವಾರರ ಮುಖಕ್ಕೆಲ್ಲ ಹಿಟ್ಟಿನಂಥ ಧೂಳು ಮೆತ್ತಿ ಒಬ್ಬರ ಗುರುತು ಒಬ್ಬರಿಗೆ ಸಿಗುವಂತಿರಲಿಲ್ಲ. ನಾನು ರೇಸನ್ನು ನೋಡಲೇ ಇಲ್ಲ. ಕ್ಯಾಮೆರಾ ಹಿಂದಕ್ಕೆ ತಿರುಗುವುದನ್ನಷ್ಟೇ ಕಾದೆ. ತಿರುಗಿತು. ವ್ಯಾನು ಬರುತ್ತಿತ್ತು. ಅದರ ಹಿಂದೆ ಎರಡು ಸಾಲು ಸೈಪ್ರೆಸ್ ಮರ, ಬಿಳಿ ದಾರಿ, ಇಳಿಬಿಸಿಲು. ಯಾರೂ ಇಲ್ಲ. ಇನ್ನೊಮ್ಮೆ ತೋರಿಸಿದರು. ಯಾರೂ ಇಲ್ಲ.

ನನಗೆ ಎದೆ ಹಗುರಾಯಿತು. ಅಪ್ಪನೂ ಬೆನ್ನು ಸೋಫಾಕ್ಕೆ ಒರಗಿಸಿ ಉಸಿರುಬಿಟ್ಟರು. "ಮುಟ್ಟ್ಯಾನ" ಎಂದರು. ತಾವೇ ಎದ್ದು ಟೀವಿ ಆರಿಸಿದರು. ಎರಡು ರೊಟ್ಟಿ ಹೆಚ್ಚಿಗೆ ತಿಂದು ಮಲಗಿದರು. ಬಸು ಮುಟ್ಟಿದ್ದು ನಮ್ಮ ಮನೆಗೇ ಎಂದು ನನಗೆ ಹೊಳೆದದ್ದು ಬೆಳಿಗ್ಗೆ, ಅಪ್ಪನ ಹಾಸಿಗೆ ಖಾಲಿ ಇದ್ದದ್ದನ್ನು ನೋಡಿದಾಗ.

ಸೈಕಲ್ ಇರಲಿಲ್ಲ. ಬೀಗ ಹಾಗೇ ಹಾಕಿಕೊಂಡಿದ್ದು, ಕಂಬಿಗೆ ನೇತಾಡುತ್ತಿತ್ತು. ಕೀಲಿ ನನ್ನ ಬ್ಯಾಗಿನಲ್ಲೇ ಇತ್ತು. ಗೌರಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದವರು ಚೊಂಬು ಹಿಡಿದೇ ನಿಂತಿದ್ದರು.

"ಬೆಳ್ಕರಿಯೋ ಒತ್ನಲ್ಲಿ ಓದ್ರು ಕಣಮ್ಮ. ಕಾಲಿಗೆ ಎಣ್ಣೆ ಅಚ್ಕಂಡಿದ್ರು, ಗಮ್ ಅಂತಿತ್ತು. ಮೊದ್ಲು ತಮ್ ಸೈಕಲ್ ಆಚೆಗಿಟ್ರು. ಆಮೇಕೆ ಗೇಟ್ ಇಡ್ಕಂಡು ನಿಂತ್ರು, ಒಳಗಿಂದ ಇನ್ಯಾರೋ ಬರ್ಬೇಕು ಅನ್ನೋ ಅಂಗೆ. ನಾನು ಮಾತಾಡ್ಸಿಲ್ಲ. ಮಾತಾಡ್ಸೋ ಒತ್ತಲ್ಲ ಅದು."

ಭಾನುವಾರ ಅಪ್ಪ ಎಲ್ಲಿಗೆ ಹೋಗುತ್ತಿದ್ದರೆಂದು ನನಗೆ ಗೊತ್ತಿತ್ತು. ಸ್ಕೂಟರ್ ತೆಗೆದು ಎಂ.ಎಸ್. ಪಾಳ್ಯ, ಯಲಹಂಕ, ಬಾಗಲೂರು ಕ್ರಾಸ್ ಎಲ್ಲ ದಾಟಿದೆ. ಈ ವಯಸ್ಸಿನಲ್ಲಿ ಇಷ್ಟು ದೂರ ಹೋಗಿರಲಾರರು ಎಂದು ಪ್ರತಿ ತಿರುವಿನಲ್ಲೂ ಅನ್ನಿಸುತ್ತಿತ್ತು. ಚಹಾದಂಗಡಿ, ಬಸ್‌ಸ್ಟಾಪು ಎಲ್ಲ ಕಡೆ ಜನ ಗುಂಪುಗೂಡಿದ್ದಾರೇನೋ ಎಂದು ನೋಡುತ್ತಾ ಹೋದೆ. ಬಾಗಲೂರು ದಾಟಿ ಉತ್ತರಕ್ಕೆ ತಿರುಗಿದರೆ ಆಗಷ್ಟೇ ಮಾಡಿದ ಬಡಾವಣೆಗಳು. ಅಗಲ ರಸ್ತೆ, ದೀಪದ ಕಂಬ, ಮೂಲೆಗಲ್ಲು. ಮನೆ ಒಂದೂ ಇಲ್ಲ. ಬಲಗಡೆಯಿಂದ ಗಾಳಿ ಹೊಡೆದು ಸ್ಕೂಟರ್ ವಾಲುತ್ತಿತ್ತು. ಕೆಂಧೂಳು ರಸ್ತೆಗಡ್ಡ ಹರಿಯುತ್ತಿತ್ತು.

ಅಲ್ಲಿ ಅಪ್ಪ ಸಿಕ್ಕರು. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಒಂದೇ ಹದದಲ್ಲಿ ಪೆಡಲ್ ತುಳಿಯುತ್ತಿದ್ದರು. ಆದರೆ ರಸ್ತೆಯ ಎಡ ಅಂಚಿನಲ್ಲಿ ಅಲ್ಲ. ಒಂದು ಸೈಕಲ್ಲಿನಷ್ಟು ಜಾಗ ಎಡಕ್ಕೆ ಬಿಟ್ಟು, ಗಾಳಿಯ ಬದಿಗೆ.

"ಅಪ್ಪಾ, ನಿಲ್ಲು" ಎಂದು ಕೂಗಿ ಆ ಎಡದ ಜಾಗಕ್ಕೆ ಸ್ಕೂಟರ್ ನುಗ್ಗಿಸಿದೆ.

ಅಲ್ಲಿ ಗಾಳಿ ಇರಲಿಲ್ಲ. ಕಿವಿಯಲ್ಲಿ ಭೋರೆನ್ನುತ್ತಿದ್ದದ್ದು ಒಮ್ಮೆಗೇ ನಿಂತಿತು. ಹಾರಾಡುತ್ತಿದ್ದ ವೇಲು ಎದೆಯ ಮೇಲೆ ಸುಮ್ಮನೆ ಬಿತ್ತು. ಒಬ್ಬ ಸಣಕಲು ಮುದುಕನ ಮೈ ಅಷ್ಟೊಂದು ಗಾಳಿಯನ್ನು ತಡೆಯಲಾರದು. ಆ ನಿಶ್ಶಬ್ದದಲ್ಲಿ ಚೈನಿನ ಸದ್ದು ಕೇಳಿಸಿತು. ಅಪ್ಪನದು ಎಣ್ಣೆ ಕಂಡ ಚೈನು. ಇದು ಒಣಗಿದ ಚೈನು, ಮರಳು ಕಡಿಯುವಂತೆ, ನನ್ನ ಮೊಣಕಾಲಿನ ಹತ್ತಿರವೇ.

ಅಪ್ಪ ತಿರುಗದೆ ಹೇಳಿದರು. "ಅಲ್ಲಿ ಬರಬ್ಯಾಡವಾ. ಅವಗ ಜಾಗಾ ಬಿಡು."

ನಾನು ಬ್ರೇಕ್ ಹಿಡಿದು ಹಿಂದೆ ಸರಿದೆ. ಗಾಳಿ ಮತ್ತೆ ಮುಖಕ್ಕೆ ಹೊಡೆಯಿತು. ಅಡ್ಡಹಾಕಿ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಯಾರನ್ನು ನಿಲ್ಲಿಸಿದಂತಾಗುತ್ತದೆ, ಅವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದು ತಿಳಿಯದೆ, ಅವರಿಬ್ಬರ ಹಿಂದೆ ಸ್ಕೂಟರ್ ಓಡಿಸುತ್ತಾ ಹೋದೆ.

ರಸ್ತೆ ಮುಗಿದಲ್ಲಿ ಅಪ್ಪ ಸುತ್ತುಹಾಕಿ ದಕ್ಷಿಣಕ್ಕೆ ತಿರುಗಿದರು. ಈಗ ಗಾಳಿ ಎಡದಿಂದ. ಅಪ್ಪ ತಟ್ಟನೆ ಎಡ ಅಂಚಿಗೆ ಸರಿದು ಬಲಕ್ಕೆ ಜಾಗ ಬಿಟ್ಟರು. ಹಿಂದಿನಿಂದ ಬಂದ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆದು, ಒಬ್ಬ ಸವಾರನಿಗೆ ಬೇಕಾದ್ದಕ್ಕಿಂತ ಬಹಳ ಅಗಲವಾಗಿ ಬಲಕ್ಕೆ ಎಳೆದು ದಾಟಿಕೊಂಡು ಹೋಯಿತು.

ಯಲಹಂಕದ ಹೊತ್ತಿಗೆ ಬಿಸಿಲೇರಿತ್ತು. ಅಪ್ಪ ಮನೆಯ ದಾರಿ ಹಿಡಿಯಲಿಲ್ಲ. ಜಾಲಹಳ್ಳಿಗೆ ಹೋಗಿ ಹಳೆಯ ಕಾರ್ಖಾನೆಯ ಗೇಟಿನ ಮುಂದೆ ಇಳಿದರು. ತಂಡದ ಓಟ ಮುಗಿಯುತ್ತಿದ್ದದ್ದು ಅಲ್ಲೇ ಇರಬೇಕು. ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿದರು, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿಟ್ಟು. ಗೇಟಿನ ಸೆಕ್ಯುರಿಟಿಯವನು ಎದ್ದು ಬಂದ.

"ಯಾರ್ ಬೇಕಿತ್ತು ಸರ್?"

"ಬರಕೋರಿ. ಕಡೀದಾವ ಬಂದಾನ."

"ಯಾರ್ ಸರ್? ಇವತ್ತು ಭಾನುವಾರ, ಶಿಫ್ಟ್ ಇಲ್ಲ."

ನಾನು ಅಪ್ಪನ ಹಿಂದಿನಿಂದ ಅವನಿಗೆ ಕೈಮುಗಿದೆ. ಅವನು ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. "ಆಯ್ತು ಸರ್, ಬರ್ಕೊಂಡೆ" ಎಂದ. ಅಪ್ಪ ತಲೆಯಾಡಿಸಿ ಫುಟ್‌ಪಾತಿನ ಮೇಲೆ ಕೂತು, ಚಹಾ ಬೇಕು ಎಂದರು.

ಡಾಕ್ಟರು ಎದೆ, ರಕ್ತ ಎಲ್ಲ ನೋಡಿ ಏನೂ ಆಗಿಲ್ಲ ಎಂದರು. ಮೊಣಕಾಲು ಕೂಡ ಊದಿಕೊಂಡಿರಲಿಲ್ಲ. ಆಮೇಲೆ ಅಪ್ಪ ಸೈಕಲ್ಲಿನ ತಂಟೆಗೆ ಹೋಗಲಿಲ್ಲ. ಕಾಲಿಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟರು. ರೇಸು ಹಾಕಿದರೆ ಎಲ್ಲರ ಹಾಗೆ ನೋಡುತ್ತಿದ್ದರು, ಗೆದ್ದವನಿಗೆ ಚಪ್ಪಾಳೆ ತಟ್ಟುತ್ತಿದ್ದರು, ಗೆದ್ದ ಕೂಡಲೇ ಊಟಕ್ಕೆ ಏಳುತ್ತಿದ್ದರು. ಕೊನೆಗೆ ಬಂದವನ ಹೆಸರು ಕೇಳಲಿಲ್ಲ. ನಾನು ಹಿಂದಿನ ರಸ್ತೆಯನ್ನು ದಿಟ್ಟಿಸುತ್ತಿದ್ದೆ. ವ್ಯಾನಿನ ಹಿಂದೆ ಬರೀ ರಸ್ತೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಇನ್ನೊಂದು ಆಗತೊಡಗಿತು. ಪಾಠ ಮಾಡುವಾಗ, ಪಾತ್ರೆ ತೊಳೆಯುವಾಗ, ನನಗೆ ಏನೇನೋ ನೆನಪಾಗುತ್ತಿತ್ತು. ನಕ್ಕರೆ ಕಾಣುವ ಮುಂದಿನ ಮುರಿದ ಹಲ್ಲು. ಅಂಗಿಯ ಹಿಂದಿನ ಜೇಬಿನಿಂದ ಶೇಂಗಾ ಬೆಲ್ಲ ತೆಗೆದು, ತಾನು ತಿನ್ನುವ ಮುಂಚೆ ಪಕ್ಕದವನಿಗೆ ಕೊಡುವ ಕೈ. ಆ ಕೈಯ ವಾಚಿನ ಪಟ್ಟಿಯ ಕೆಳಗೆ ಸಿಕ್ಕಿಸಿದ ಕರವಸ್ತ್ರ. ಏರು ಬಂದಾಗ ಗುನುಗುವ ದನಿ. ಕನಸಲ್ಲ ಅವು. ನನ್ನ ಬಾಲ್ಯ ನೆನಪಾಗುವಷ್ಟೇ ಸಹಜವಾಗಿ ನೆನಪಾಗುತ್ತಿದ್ದವು. ಬಸು ಅವರ ಒಂದು ಫೋಟೋವೂ ನಮ್ಮ ಮನೆಯಲ್ಲಿ ಇರಲಿಲ್ಲ. ಅವರು ಕಾಣೆಯಾದಾಗ ನಾನು ಹುಟ್ಟಿರಲಿಲ್ಲ.

ಒಂದು ಸಂಜೆ ಬಾಲ್ಕನಿಯಲ್ಲಿ ಅಪ್ಪನ ತಲೆ ಬಾಚುತ್ತಾ ಕೇಳಿಯೇಬಿಟ್ಟೆ. "ಅಪ್ಪಾ, ಬಸು ಕಾಕಾಗ ಮುಂದಿನ ಹಲ್ಲು ಮುರಿದಿತ್ತಲ್ಲ?"

"ಯಾ ಬಸು?"

"ನಿಮ್ಮ ಟೀಮಿನ ಬಸು. ನಿನ್ನ ಮುಂದೆ ಹೋಗಿ ಗಾಳಿ ತಡೀತಿದ್ದರಲ್ಲ, ಅವರು."

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹುಡುಕುತ್ತಿರುವ ಕಣ್ಣು ಅದಲ್ಲ, ಅಲ್ಲಿ ಹುಡುಕಲು ಏನೂ ಉಳಿದಿರಲಿಲ್ಲ. ಕೊನೆಗೆ, ಮಗಳ ಮಾತಿಗೆ ಬೇಸರವಾಗಬಾರದು ಎಂಬ ಹಾಗೆ ಮೆತ್ತಗೆ ಕೇಳಿದರು.

"ನಿನ್ನ ಗೆಳೆಯಾ ಏನವಾ ಅಂವ?"

ಕೆಳಗೆ ಗೌರಮ್ಮ ದೀಪ ಹಾಕಿದರು.

"ಹೌದಪ್ಪಾ" ಎಂದೆ. "ನನ್ನ ಗೆಳೆಯ."